ಮೆಟ್ಟಿಲು ಹತ್ತುವ ಕಾಲು ಬಾಗಿಲಲ್ಲಿ ಏಕೆ ನಿಲ್ಲುತ್ತದೆ?

ಪ್ರಶ್ನೆ: ನಮ್ಮ ತಂದೆಯವರಿಗೆ 69 ವರ್ಷ. ಪಾರ್ಕಿನ್ಸನ್ ಎಂದು ಗೊತ್ತಾಗಿ ಐದು ವರ್ಷವಾಯಿತು, ಲೆವೊಡೋಪಾ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈಚೆಗೆ ಕೋಣೆಯ ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ. ಆದರೆ ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಾರೆ! "ಅಪ್ಪ ಮನಸ್ಸು ಮಾಡ್ತಿಲ್ಲ, ಅಷ್ಟೇ" ಎನ್ನುತ್ತಾನೆ ನನ್ನ ತಮ್ಮ. ಅದು ಕೇಳಿ ಅಪ್ಪ ಕುಗ್ಗಿಹೋಗಿದ್ದಾರೆ. ಇದು ನಿಜಕ್ಕೂ ಮನಸ್ಸಿನ ವಿಷಯವೇ? ಇಲಿ, ಕೋತಿಗಳ ಮೇಲೆ ಇಷ್ಟು ವರ್ಷ ಸಂಶೋಧನೆ ನಡೆಸಿದವರಿಗೆ ಉತ್ತರ ಸಿಕ್ಕಿದೆಯೇ? ಮಿದುಳಿಗೆ ಎಲೆಕ್ಟ್ರೋಡ್ ಹಾಕಿಸಿದರೆ ಇದು ಹೋಗುತ್ತದೆಯೇ?

ಉತ್ತರ: ಮೊದಲು ನಿಮ್ಮ ತಮ್ಮನ ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ, ಮನೆಯಲ್ಲಿ ನೋವು ಕೊಡುತ್ತಿರುವುದು ಅದೇ ತಾನೆ. ಅವರು ಹೇಳುತ್ತಿರುವುದು ತಪ್ಪು. ಬಾಗಿಲ ಮುಂದೆ ಕಾಲು ನಿಂತಾಗ ನಿಮ್ಮ ತಂದೆಯವರು ಪಡುತ್ತಿರುವಷ್ಟು ಪ್ರಯತ್ನವನ್ನು ನೀವಾಗಲಿ ನಾನಾಗಲಿ ನಡೆಯುವಾಗ ಎಂದೂ ಪಡುವುದಿಲ್ಲ. ನಾವು ಫೋನಿನಲ್ಲಿ ಮಾತಾಡುತ್ತಾ, ಇನ್ನೇನನ್ನೋ ಯೋಚಿಸುತ್ತಾ ಬಾಗಿಲು ದಾಟುತ್ತೇವೆ. ದಾಟಿದ್ದು ಸಹ ನಮ್ಮ ಗಮನಕ್ಕೆ ಬಂದಿರುವುದಿಲ್ಲ. ಅವರ ಕೈತಪ್ಪಿ ಹೋಗುತ್ತಿರುವುದು ಹೀಗೆ ಗಮನವಿಲ್ಲದೆ ತಾನಾಗಿ ಆಗುವ ಚಲನೆ. ಗಮನವಿಟ್ಟು ಮಾಡುವ ಚಲನೆ ಬಹುಮಟ್ಟಿಗೆ ಉಳಿದಿದೆ. ಅವರು ಮೆಟ್ಟಿಲು ಹತ್ತುವುದರಲ್ಲಿ ನಟನೆಯೂ ಇಲ್ಲ, ಪವಾಡವೂ ಇಲ್ಲ.

ಮಿದುಳು ಕೈಕಾಲುಗಳ ಚಲನೆಯನ್ನು ಹೇಗೆ ನಿಯಂತ್ರಿಸುತ್ತದೆ, ಪಾರ್ಕಿನ್ಸನ್‌ನಲ್ಲಿ ಆ ನಿಯಂತ್ರಣ ಎಲ್ಲಿ ತಪ್ಪುತ್ತದೆ ಎನ್ನುವುದು ನಾನು ಕೆಲಸ ಮಾಡುವ ಕ್ಷೇತ್ರ. ಚಿಕಿತ್ಸೆ ಕೊಡುವ ವೈದ್ಯ ನಾನಲ್ಲ. ಆದ್ದರಿಂದ ಮಾತ್ರೆಯ ಪ್ರಮಾಣ, ಹೊತ್ತು ಇವುಗಳ ಬಗ್ಗೆ ನಿಮ್ಮ ನ್ಯೂರಾಲಜಿಸ್ಟ್ ಹೇಳಿದ್ದೇ ಅಂತಿಮ ಎಂದು ಇಟ್ಟುಕೊಂಡು ಮುಂದೆ ಓದಿ.

ಈ ಕಾಯಿಲೆಯಲ್ಲಿ ಸ್ನಾಯು ಕೆಟ್ಟಿಲ್ಲ, ಕಾಲಿಗೆ ಹೋಗುವ ನರ ಕೆಟ್ಟಿಲ್ಲ, ನಡೆಯುವುದು ಹೇಗೆಂಬ ತಿಳಿವೂ ಅಳಿಸಿಹೋಗಿಲ್ಲ. 2010ರಲ್ಲಿ ನೆದರ್ಲೆಂಡ್ಸ್‌ನ ನರತಜ್ಞ ಬಾಸ್ಟಿಯಾನ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿ 58 ವರ್ಷದ ರೋಗಿಯೊಬ್ಬರ ವಿಡಿಯೊ ಪ್ರಕಟಿಸಿದರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮುಗ್ಗರಿಸುತ್ತಿದ್ದ ಮನುಷ್ಯ. ಸೈಕಲ್ ಮೇಲೆ ಕೂರಿಸಿದರೆ ನೆಟ್ಟಗೆ ತುಳಿದುಕೊಂಡು ಹೋಗಿ, ತಿರುಗಿಸಿಕೊಂಡು ಬಂದರು. ಇಳಿದ ಕೂಡಲೇ ಕಾಲು ಮತ್ತೆ ಅಂಟಿಕೊಂಡಿತು. ಸ್ನಾಯುವಿನ ಶಕ್ತಿಯಿಂದಾಗಲಿ ಇಚ್ಛಾಶಕ್ತಿಯಿಂದಾಗಲಿ ಇದನ್ನು ವಿವರಿಸಲು ಬರುವುದಿಲ್ಲ. ಸೈಕಲ್ ಹತ್ತಿದ್ದಕ್ಕೆ ಯಾರ ಮನೋಬಲವೂ ಹೆಚ್ಚಾಗುವುದಿಲ್ಲವಲ್ಲ.

ಹಾಗಾದರೆ ಕೆಟ್ಟಿರುವುದೇನು? ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಬಣ್ಣದ ಪಟ್ಟಿ ಇದೆ. ಇಡೀ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದರೆ ಈ ಪಟ್ಟಿಯಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಕೆಲವೇ ಲಕ್ಷ. ಆದರೆ ಒಂದೊಂದರ ವ್ಯಾಪ್ತಿ ನಂಬಲಾಗದಷ್ಟು. ಜಪಾನಿನ ಸಂಶೋಧಕರು 2009ರಲ್ಲಿ ಇಲಿಯ ಮಿದುಳಿನಲ್ಲಿ ಇಂಥ ಒಂದೊಂದೇ ಕೋಶದ ತಂತುವಿನ ಕವಲುಗಳನ್ನೆಲ್ಲ ಅಳೆದು ಕೂಡಿಸಿದಾಗ ಸರಾಸರಿ ಅರ್ಧ ಮೀಟರಿಗೆ ಹತ್ತಿರ ಬಂತು. ಅದೂ ಇಲಿಯ ಮಿದುಳು! ಇಷ್ಟು ದೊಡ್ಡ ಸಂಸಾರವನ್ನು ಸಾಕಿಕೊಂಡು, ಹಗಲು ರಾತ್ರಿ ವಿರಾಮವಿಲ್ಲದೆ ಮಿಡಿಯುವ ಕೋಶ ಸದಾ ಶಕ್ತಿಯ ಅಭಾವದ ಅಂಚಿನಲ್ಲೇ ಬದುಕುತ್ತದೆ. ಇವೇ ಮೊದಲು ಸಾಯುವುದಕ್ಕೆ ಅದೂ ಒಂದು ಕಾರಣ ಎಂದು ಈ ಕ್ಷೇತ್ರದ ಅನೇಕರಂತೆ ನಾನೂ ನಂಬುತ್ತೇನೆ. ಕೈ ನಡುಗಲು ಶುರುವಾಗಿ ವೈದ್ಯರ ಬಳಿ ಹೋಗುವ ಹೊತ್ತಿಗೆ ಈ ಕೋಶಗಳು ಡೋಪಮೈನ್ ಸುರಿಸುವ ಸ್ಟ್ರೈಯೇಟಮ್ ಎಂಬ ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಡೋಪಮೈನ್ ಬತ್ತಿಹೋಗಿರುತ್ತದೆ.

ಡೋಪಮೈನ್ ಎಂದರೆ ಖುಷಿಯ ರಾಸಾಯನಿಕ ಎಂದು ಎಲ್ಲೆಲ್ಲೂ ಓದಿರುತ್ತೀರಿ. ಆ ಮಾತನ್ನು ಸ್ವಲ್ಪ ಹೊತ್ತು ಬದಿಗಿಡಿ. ಚಲನೆಯ ವಿಷಯದಲ್ಲಿ ಅದು ಮಾಡುವ ಕೆಲಸವೆಂದರೆ ಈ ಚಲನೆಗೆ ಎಷ್ಟು ಶ್ರಮ ಹಾಕಬಹುದು, ಎಷ್ಟು ವೇಗ, ಎಷ್ಟು ದೊಡ್ಡದು ಎಂದು ನಮ್ಮ ಅರಿವಿಗೆ ಬಾರದಂತೆ ನಿಗದಿ ಮಾಡುವುದು. 2007ರಲ್ಲಿ ಪಿಯೆಟ್ರೊ ಮಜ್ಜೋನಿ, ಜಾನ್ ಕ್ರಾಕಾವರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದಿದೆ. ನನ್ನ ಮಟ್ಟಿಗೆ ಈ ಕಾಯಿಲೆಯ ಬಗೆಗಿನ ಅತ್ಯಂತ ಸ್ವಚ್ಛವಾದ ಪ್ರಯೋಗಗಳಲ್ಲಿ ಅದೂ ಒಂದು. ಗುರಿಯೊಂದಕ್ಕೆ ಕೈ ಚಾಚಬೇಕು, ಗೊತ್ತುಪಡಿಸಿದ ವೇಗದಲ್ಲೇ ಚಾಚಬೇಕು, ಆ ವೇಗ ಮುಟ್ಟಿದ ಪ್ರಯತ್ನಗಳು ಮಾತ್ರ ಲೆಕ್ಕಕ್ಕೆ. ಪಾರ್ಕಿನ್ಸನ್ ಇದ್ದವರೂ ಆ ವೇಗ ಮುಟ್ಟಿದರು, ಮುಟ್ಟಿದಾಗ ಅವರ ಗುರಿ ಆರೋಗ್ಯವಂತರಷ್ಟೇ ಕರಾರುವಾಕ್ಕಾಗಿತ್ತು. ವ್ಯತ್ಯಾಸ ಇದ್ದದ್ದು ಒಂದೇ: ಅಷ್ಟು ಸಲ ವೇಗ ಮುಟ್ಟಲು ಅವರಿಗೆ ಹೆಚ್ಚು ಪ್ರಯತ್ನಗಳು ಬೇಕಾದವು. ಅಂದರೆ ವೇಗವಾಗಿ ಚಲಿಸುವ ಸಾಮರ್ಥ್ಯ ಇದೆ. ಆದರೆ ವೇಗಕ್ಕೆ ತೆರಬೇಕಾದ ಶ್ರಮ ಅವರ ಮಿದುಳಿಗೆ ದುಬಾರಿಯಾಗಿ ಕಾಣುತ್ತದೆ, ಅದು ತಾನಾಗಿ ನಿಧಾನದ ಚಲನೆಯನ್ನೇ ಆರಿಸಿಕೊಳ್ಳುತ್ತದೆ. ಈ ಆಯ್ಕೆ ರೋಗಿ ಮಾಡುವುದಲ್ಲ. ನಿಮ್ಮ ತಮ್ಮನಿಗೆ ಇಷ್ಟನ್ನು ಮಾತ್ರ ಓದಿ ಹೇಳಿದರೂ ಸಾಕು.

ಇದನ್ನು ಕಣ್ಣಾರೆ ನೋಡಬೇಕಾದರೆ ವೈದ್ಯರು ಮಾಡಿಸುವ ಬೆರಳು ತಟ್ಟುವ ಪರೀಕ್ಷೆಯನ್ನೇ ಗಮನಿಸಿ. ಹೆಬ್ಬೆರಳು, ತೋರುಬೆರಳನ್ನು ಆದಷ್ಟು ಅಗಲಿಸಿ ಆದಷ್ಟು ಬೇಗ ಬೇಗ ತಟ್ಟಿ ಎನ್ನುತ್ತಾರೆ. ಮೊದಲ ನಾಲ್ಕೈದು ತಟ್ಟು ನೋಡಿದರೆ ಏನೂ ತೊಂದರೆಯೇ ಇಲ್ಲ ಅನ್ನಿಸಬಹುದು. ಆಮೇಲೆ ಎರಡು ಬೆರಳ ನಡುವಿನ ಅಂತರ ಒಂದೊಂದೇ ಕೂದಲೆಳೆಯಷ್ಟು ಕಿರಿದಾಗುತ್ತದೆ, ತಾಳ ತಪ್ಪುತ್ತದೆ, ಕೊನೆಗೆ ಬೆರಳ ತುದಿಗಳು ಒಂದಕ್ಕೊಂದು ತಾಗಿಕೊಂಡೇ ಸುಮ್ಮನೆ ಅದುರುತ್ತವೆ. ವಿಚಿತ್ರವೆಂದರೆ ಎಷ್ಟೋ ಮಂದಿಗೆ ತಮ್ಮ ತಟ್ಟು ಕುಗ್ಗಿದ್ದು ಗೊತ್ತೇ ಆಗಿರುವುದಿಲ್ಲ. ಪಕ್ಕದಿಂದ "ದೊಡ್ಡದಾಗಿ, ಇನ್ನೂ ದೊಡ್ಡದಾಗಿ" ಎಂದು ಜೋರಾಗಿ ಹೇಳಿದರೆ ಮರುಕ್ಷಣವೇ ಬೆರಳು ಅಗಲವಾಗಿ ತೆರೆಯುತ್ತದೆ. ಹೇಳುವುದನ್ನು ನಿಲ್ಲಿಸಿದರೆ ಮತ್ತೆ ಅದೇ ಕಥೆ. ಕೈಬರಹದಲ್ಲೂ ಹೀಗೆಯೇ. ಸಾಲಿನ ಆರಂಭದಲ್ಲಿ ಸರಿಯಾಗಿದ್ದ ಅಕ್ಷರ ಸಾಲು ಮುಗಿಯುವಷ್ಟರಲ್ಲಿ ಇರುವೆ ಸಾಲಾಗಿರುತ್ತದೆ. ಈಗ ನಿಮ್ಮ ತಂದೆಯವರು ಬಾಗಿಲ ಕಡೆ ನಡೆಯುವಾಗ ಮುಖ ನೋಡಬೇಡಿ, ಪಾದ ನೋಡಿ. ಎರಡು ಮೂರು ಮೀಟರ್ ದೂರದಿಂದಲೇ ಹೆಜ್ಜೆ ಗಿಡ್ಡವಾಗುತ್ತಾ ಬರುವುದು ಕಂಡೀತು. ಕಾಲು ಅಂಟಿಕೊಳ್ಳುವುದು ಆ ಕುಗ್ಗುವಿಕೆಯ ಕೊನೆಯ ಹಂತ.

ಬಾಗಿಲೇ ಏಕೆ? ಅಲ್ಲಿ ದಾರಿ ಕಿರಿದಾಗುತ್ತದೆ, ನಡಿಗೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕಾಗುತ್ತದೆ, ಆಚೆ ಏನಿದೆ ಎಂದು ಕಣ್ಣು ಹುಡುಕುತ್ತದೆ. ನಿಮಗೆ ನನಗೆ ಇದೆಲ್ಲ ಲೆಕ್ಕಕ್ಕೇ ಇಲ್ಲದ ಕೆಲಸ. ತಾನಾಗಿ ನಡೆಯುವ ವ್ಯವಸ್ಥೆ ಸೊರಗಿದವರಿಗೆ ಪ್ರತಿಯೊಂದೂ ಗಮನದ ಪಾಲು ಕೇಳುತ್ತದೆ, ಹೆಜ್ಜೆಗೆ ಉಳಿಯಬೇಕಾದ ಗಮನ ಹರಿದು ಹಂಚಿಹೋಗುತ್ತದೆ. ಇದ್ದಲ್ಲೇ ಹಿಂದಕ್ಕೆ ತಿರುಗುವಾಗ, ಕೈಯಲ್ಲಿ ತುಂಬಿದ ಲೋಟ ಇದ್ದಾಗ, ಅವಸರದಲ್ಲಿದ್ದಾಗಲೂ ಕಾಲು ನಿಲ್ಲುವುದು ಇದೇ ಕಾರಣಕ್ಕೆ. ಮೆಟ್ಟಿಲಿನ ಲೆಕ್ಕ ಬೇರೆ. ಪ್ರತಿ ಮೆಟ್ಟಿಲ ಅಂಚೂ ಪಾದ ಎಲ್ಲಿಡಬೇಕು, ಎಷ್ಟು ಎತ್ತಬೇಕು ಎಂದು ಹೊರಗಿನಿಂದ ಕಣ್ಣಿಗೆ ಹೇಳಿಕೊಡುತ್ತದೆ. ಕಣ್ಣು ತೋರಿಸಿದ ಗುರಿಗೆ ಕಾಲಿಡುವ ಚಲನೆಗೆ ಮಿದುಳು ಬೇರೆ ದಾರಿಯನ್ನು ಹೆಚ್ಚಾಗಿ ಬಳಸುತ್ತದೆ. ಕಿರುಮಿದುಳು, ಮಿದುಳಿನ ಹೊದಿಕೆಯಲ್ಲಿರುವ ದೃಷ್ಟಿ ಮತ್ತು ಚಲನೆಯ ಪ್ರದೇಶಗಳು ಆ ದಾರಿಯಲ್ಲಿವೆ. ಡೋಪಮೈನ್‌ನ ಹಂಗು ಅಲ್ಲಿ ಕಡಿಮೆ. ಜೇಮ್ಸ್ ಪರ್ಡನ್ ಮಾರ್ಟಿನ್ ಎಂಬ ಬ್ರಿಟಿಷ್ ನರತಜ್ಞ 1960ರ ದಶಕದಲ್ಲೇ ಇದನ್ನು ತೋರಿಸಿದ್ದರು. ನೆಲದ ಮೇಲೆ ಅಡ್ಡಗೆರೆ ಎಳೆದರೆ ರೋಗಿಗಳು ಅವುಗಳನ್ನು ದಾಟುತ್ತಾ ಸರಾಗವಾಗಿ ನಡೆಯುತ್ತಿದ್ದರು. ನಡೆಯುವ ದಿಕ್ಕಿನಲ್ಲೇ ಉದ್ದಕ್ಕೆ ಎಳೆದ ಗೆರೆಯಿಂದ ಅಂಥ ಪ್ರಯೋಜನವಿರಲಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಪ್ರಾಣಿಗಳ ಮೇಲಿನ ಪ್ರಯೋಗದ ಬಗ್ಗೆ ಕೇಳಿದ್ದೀರಿ, ದನಿಯಲ್ಲಿ ಸ್ವಲ್ಪ ಅನುಮಾನವೂ ಇದೆ. ಅನುಮಾನ ತಪ್ಪಲ್ಲ. ಆದರೆ ನಿಮ್ಮ ತಂದೆಯವರು ನುಂಗುವ ಮಾತ್ರೆಯ ಕಥೆ ಶುರುವಾಗುವುದೇ ಮೊಲಗಳಿಂದ. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ 1957ರಲ್ಲಿ ಡೋಪಮೈನ್ ಬರಿದಾಗಿಸುವ ರಿಸರ್ಪಿನ್ ಎಂಬ ಔಷಧಿ ಕೊಟ್ಟು ಮೊಲಗಳನ್ನು ಅಲುಗಾಡದಂತೆ ಮಾಡಿದರು, ಆಮೇಲೆ ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಡೋಪಾ (ಲೆವೊಡೋಪಾ ಇದರದೇ ಒಂದು ರೂಪ) ಚುಚ್ಚಿದಾಗ ಅವು ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದ ಒಲೆ ಹಾರ್ನಿಕಿವಿಚ್ ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಬತ್ತಿರುವುದನ್ನು ತೋರಿಸಿದರು. ಮರುವರ್ಷವೇ ವಾಲ್ಟರ್ ಬಿರ್ಕ್‌ಮೇಯರ್ ಜೊತೆ ರೋಗಿಗಳಿಗೆ ಲೆವೊಡೋಪಾ ಚುಚ್ಚುಮದ್ದು ಕೊಟ್ಟು ನೋಡಿದರು. ಡೋಪಾವನ್ನು ಬಾಯಿಯ ಮೂಲಕ, ನಿಧಾನವಾಗಿ ಏರಿಸುತ್ತಾ ಹೋಗಿ ನಿತ್ಯದ ಔಷಧಿಯಾಗಿ ಮಾಡಬಹುದೆಂದು 1967ರಲ್ಲಿ ತೋರಿಸಿದವರು ಜಾರ್ಜ್ ಕೋಟ್ಜಿಯಾಸ್. ಮೊಲದಿಂದ ಮಾತ್ರೆಗೆ ಹತ್ತೇ ವರ್ಷ. ವೈದ್ಯವಿಜ್ಞಾನದಲ್ಲಿ ಇಷ್ಟು ಬೇಗ ಇಷ್ಟು ದೂರ ಹೋದ ಉದಾಹರಣೆಗಳು ಹೆಚ್ಚಿಲ್ಲ. ಕಾರ್ಲ್ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು, ಹಾರ್ನಿಕಿವಿಚ್ ಅವರಿಗೆ ಬರಲಿಲ್ಲ. ನಮ್ಮ ಕ್ಷೇತ್ರದಲ್ಲಿ ಅನೇಕರಿಗೆ ಇವತ್ತಿಗೂ ಅದರ ಬಗ್ಗೆ ಅಸಮಾಧಾನವಿದೆ, ನನಗೂ ಇದೆ.

ಕೋತಿಗಳ ಕಥೆ ಒಂದು ದುರಂತದಿಂದ ಹುಟ್ಟಿತು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಲ್ಲಿ ತಯಾರಿಸಿದ ಮಾದಕ ವಸ್ತು ಚುಚ್ಚಿಕೊಂಡ ಕೆಲವು ಯುವಜನ ದಿನಗಳೊಳಗೆ ಮರದ ಬೊಂಬೆಗಳಂತಾದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ವಿಷ ಅವರ ಡೋಪಮೈನ್ ಕೋಶಗಳನ್ನು ಕೊಂದಿತ್ತು. ವಿಲಿಯಂ ಲ್ಯಾಂಗ್‌ಸ್ಟನ್ ಅದನ್ನು ಪತ್ತೆ ಹಚ್ಚಿದ ಮೇಲೆ ಕೋತಿಗಳಲ್ಲಿ ಪಾರ್ಕಿನ್ಸನ್‌ಗೆ ಅತಿ ಹತ್ತಿರದ ಸ್ಥಿತಿಯನ್ನು ಅಧ್ಯಯನ ಮಾಡಲು ಸಾಧ್ಯವಾಯಿತು. ಹಗಾಯ್ ಬರ್ಗ್‌ಮನ್, ಥಾಮಸ್ ವಿಕ್‌ಮನ್ ಮತ್ತು ಮಾಲನ್ ಡಿಲಾಂಗ್ 1990ರಲ್ಲಿ ಅಂಥ ಕೋತಿಗಳ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಕೇಂದ್ರವನ್ನು ನಿಷ್ಕ್ರಿಯಗೊಳಿಸಿದರು. ಸೆಟೆದು ಕೂತಿದ್ದ ಪ್ರಾಣಿಗಳು ಮತ್ತೆ ಚಲಿಸತೊಡಗಿದವು. ಅತ್ತ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್-ಲೂಯಿ ಬೆನಬಿದ್, ಮಿದುಳಿನ ಥಲಾಮಸ್ ಭಾಗಕ್ಕೆ ಬಿಡುವ ವಿದ್ಯುತ್ ಮಿಡಿತದ ಆವರ್ತನ ಸೆಕೆಂಡಿಗೆ ನೂರರ ಆಸುಪಾಸು ದಾಟಿದರೆ ನಡುಕ ನಿಲ್ಲುವುದನ್ನು 1987ರಲ್ಲೇ ಕಂಡುಕೊಂಡಿದ್ದರು. ಕೋತಿಯ ಫಲಿತಾಂಶ ಬಂದ ಮೇಲೆ ಅವರ ತಂಡ 1993ರಲ್ಲಿ ಎಲೆಕ್ಟ್ರೋಡನ್ನು ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೆ ಇಳಿಸಿತು. ನೀವು ಕೇಳಿರುವ ಚಿಕಿತ್ಸೆ, ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಅಂದರೆ ಮಿದುಳಿನ ಆಳಕ್ಕೆ ವಿದ್ಯುತ್ ಮಿಡಿತ ಕೊಡುವುದು), ಇದೇ.

ಆ ಶಸ್ತ್ರಚಿಕಿತ್ಸೆಯೇ ನಮ್ಮಂಥವರಿಗೆ ದೊಡ್ಡ ಪ್ರಯೋಗಶಾಲೆಯೂ ಹೌದು. ಬಹಳ ಕಡೆ ರೋಗಿ ಎಚ್ಚರವಾಗಿಯೇ ಇರುತ್ತಾರೆ, ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿರುತ್ತಾರೆ. ತಲೆಯನ್ನು ಚೌಕಟ್ಟಿಗೆ ಬಿಗಿದು, ಸೂಜಿಗಿಂತ ಸಪೂರ ಎಲೆಕ್ಟ್ರೋಡನ್ನು ಮಿಲಿಮೀಟರಿನ ಭಾಗಗಳ ಲೆಕ್ಕದಲ್ಲಿ ಇಳಿಸುತ್ತಾರೆ. ಅದರ ತುದಿಗೆ ಸಿಗುವ ನರಕೋಶಗಳ ಮಿಡಿತವನ್ನು ಸ್ಪೀಕರಿನಲ್ಲಿ ಕೇಳಬಹುದು. ಥಲಾಮಸ್ ದಾಟುವಾಗ ಅಲ್ಲೊಂದು ಇಲ್ಲೊಂದು ಟಿಕ್. ಅದರ ಕೆಳಗೆ ಸ್ವಲ್ಪ ಹೊತ್ತು ನಿಶ್ಶಬ್ದ. ಆಮೇಲೆ ಒಮ್ಮೆಗೇ ಒತ್ತೊತ್ತಾಗಿ ಗದ್ದಲ: ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಬಂತು. ಯಾರಾದರೂ ರೋಗಿಯ ಮಣಿಕಟ್ಟನ್ನು ಹಿಡಿದು ಮೇಲೆ ಕೆಳಗೆ ಆಡಿಸುತ್ತಾರೆ. ಚಲನೆಗೆ ಸಂಬಂಧಿಸಿದ ಕೋಶ ಸಿಕ್ಕಿದ್ದರೆ ಮಣಿಕಟ್ಟು ಬಾಗಿದಾಗಲೆಲ್ಲ ಸ್ಪೀಕರಿನ ಸದ್ದು ಏರುತ್ತದೆ. ಜಾಗ ಸರಿಯಾಗಿದೆ ಎನ್ನುವುದಕ್ಕೆ ಅದೊಂದು ಗುರುತು.

ಹೀಗೆ ಇಳಿಸಿದ ಎಲೆಕ್ಟ್ರೋಡುಗಳಿಂದಲೇ ಲಂಡನ್ನಿನಲ್ಲಿದ್ದ ಪೀಟರ್ ಬ್ರೌನ್ ಮತ್ತು ಸಂಗಡಿಗರು 2001ರಲ್ಲಿ ಮುಖ್ಯ ವಿಷಯವೊಂದನ್ನು ಹೊರತಂದರು. ಮಾತ್ರೆ ಇಲ್ಲದ ಸ್ಥಿತಿಯಲ್ಲಿ ಈ ಕೇಂದ್ರಗಳ ವಿದ್ಯುತ್ ಚಟುವಟಿಕೆ ಬೀಟಾ ಎನ್ನುವ ಲಯದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 13ರಿಂದ 30 ಸಲ, ಬಲವಾಗಿ ಏರಿಳಿಯುತ್ತದೆ. ಲೆವೊಡೋಪಾ ಕೊಟ್ಟರೆ ತಗ್ಗುತ್ತದೆ. ಸಂತೆಯಲ್ಲಿ ಒಬ್ಬೊಬ್ಬರು ಒಂದೊಂದು ಮಾತಾಡುತ್ತಿದ್ದರೆ ವ್ಯಾಪಾರ ನಡೆಯುತ್ತದೆ, ಎಲ್ಲರೂ ಸೇರಿ ಒಂದೇ ಘೋಷಣೆ ಕೂಗತೊಡಗಿದರೆ ನಿಲ್ಲುತ್ತದೆ; ಬೀಟಾ ಅತಿಯಾದಾಗ ಆಗುವುದೂ ಹಾಗೆಯೇ, ಹೊಸ ಚಲನೆಯ ಸುದ್ದಿ ಅದರಲ್ಲಿ ಮುಳುಗಿಹೋಗುತ್ತದೆ. ಆರೋಗ್ಯವಂತರಲ್ಲೂ ಬೀಟಾ ಇದೆ, ಚಲನೆಗೆ ಮುನ್ನ ಅದು ಇಳಿದು ದಾರಿ ಬಿಡುತ್ತದೆ. ಕಾಯಿಲೆಯಲ್ಲಿ ಇಳಿಯುವುದು ಕಡಿಮೆ, ಒಮ್ಮೆ ಎದ್ದರೆ ಬೇಗ ಅಡಗುವುದೂ ಇಲ್ಲ. ನಿಧಾನ ಮತ್ತು ಬಿಗಿತದ ಜೊತೆ ಇದಕ್ಕೆ ನಂಟಿದೆ. ನಡುಕದ ಜೊತೆ ಅಷ್ಟಿಲ್ಲ, ನಡುಕದ ವ್ಯವಹಾರವೇ ಬೇರೆ.

ಇಲ್ಲೊಂದು ಮಾತು. ಪಠ್ಯಪುಸ್ತಕಗಳಲ್ಲಿ ಸ್ಟ್ರೈಯೇಟಮ್‌ನಿಂದ ಹೊರಟು ಚಲನೆಗೆ 'ಹೋಗು' ಎನ್ನುವ ದಾರಿ ಒಂದು, 'ನಿಲ್ಲು' ಎನ್ನುವ ದಾರಿ ಒಂದು ಎಂದು ಚಂದದ ಬಾಣಗಳ ಚಿತ್ರ ಇರುತ್ತದೆ. ಅದರಲ್ಲಿ ಸತ್ಯವಿದೆ. 2010ರಲ್ಲಿ ಅಲೆಕ್ಸಾಯ್ ಕ್ರಾವಿಟ್ಜ್ ಮತ್ತು ಅನಾಟೊಲ್ ಕ್ರೈಟ್ಜರ್ ತಂಡ, ಬೆಳಕಿಗೆ ಸ್ಪಂದಿಸುವಂತೆ ಮಾರ್ಪಡಿಸಿದ ಕೋಶಗಳಿಗೆ ಬೆಳಕು ಬಿಟ್ಟು, ಇಲಿಗಳ 'ನಿಲ್ಲು' ದಾರಿಯನ್ನು ಎಬ್ಬಿಸಿದಾಗ ಅವು ಪಾರ್ಕಿನ್ಸನ್ ಬಂದಂತೆ ಸ್ತಬ್ಧವಾದವು. ಡೋಪಮೈನ್ ಕಳೆದುಕೊಂಡ ಇಲಿಗಳ 'ಹೋಗು' ದಾರಿಯನ್ನು ಎಬ್ಬಿಸಿದಾಗ ಅವು ಎದ್ದು ನಡೆದವು. ಆದರೆ ಮೂರೇ ವರ್ಷದಲ್ಲಿ, ಸಹಜವಾಗಿ ಓಡಾಡುವ ಇಲಿ ಚಲನೆ ಶುರು ಮಾಡುವಾಗ ಎರಡೂ ದಾರಿಗಳು ಒಟ್ಟಿಗೇ ಚುರುಕಾಗುತ್ತವೆ ಎಂದು ಮತ್ತೊಂದು ತಂಡ ತೋರಿಸಿತು. ಬಾಣಗಳ ಚಿತ್ರ ಪರೀಕ್ಷೆ ಬರೆಯಲು ಸಾಕು, ರೋಗಿಯ ನಡಿಗೆ ಅರ್ಥಮಾಡಿಕೊಳ್ಳಲು ಸಾಲದು.

ಈಗ ಎಲೆಕ್ಟ್ರೋಡ್ ಹಾಕಿಸಿದರೆ ಕಾಲು ಅಂಟುವುದು ಹೋಗುತ್ತದೆಯೇ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಇರುವುದು ನಿಮ್ಮ ಮನೆಯಲ್ಲೇ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ಅವರು ಬಾಗಿಲು ಸರಾಗವಾಗಿ ದಾಟುತ್ತಾರೆಯೇ? ಮಾತ್ರೆಯ ಬಲ ಇಳಿದಾಗ ಮಾತ್ರ ನಿಲ್ಲುತ್ತಾರೆಯೇ? ಹಾಗಿದ್ದರೆ ಡಿಬಿಎಸ್‌ನಿಂದ ಇದು ಕಡಿಮೆಯಾಗುವ ಸಾಧ್ಯತೆ ಚೆನ್ನಾಗಿದೆ. ಮಾತ್ರೆ ಪೂರ್ತಿ ಹಿಡಿದಿರುವಾಗಲೂ ಕಾಲು ಅಂಟುತ್ತಿದ್ದರೆ ಎಲೆಕ್ಟ್ರೋಡೂ ಹೆಚ್ಚು ಮಾಡುವುದಿಲ್ಲ. ಲೆವೊಡೋಪಾಗೆ ಬಗ್ಗದ ಲಕ್ಷಣ ಸಾಮಾನ್ಯವಾಗಿ ಡಿಬಿಎಸ್‌ಗೂ ಬಗ್ಗುವುದಿಲ್ಲ, ನಡುಕ ಮಾತ್ರ ಇದಕ್ಕೆ ಅಪವಾದ. ಬೀಟಾ ಅಲೆ ಏರಿದಾಗ ಮಾತ್ರ ಅಥವಾ ಏರಿಳಿತಕ್ಕೆ ತಕ್ಕಂತೆ ವಿದ್ಯುತ್ ಕೊಡುವ ಹೊಸ ಬಗೆಯ ಡಿಬಿಎಸ್ ಕೂಡ ಬಂದಿದೆ, ಅಮೆರಿಕದಲ್ಲಿ 2025ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನನಗೆ ಅದರ ಮೇಲೆ ಆಸೆಯಿದೆ, ಆದರೆ ಬಾಗಿಲಲ್ಲಿ ನಿಲ್ಲುವ ಕಾಲಿಗೆ ಅದೇ ಮದ್ದು ಎಂದು ಯಾರಾದರೂ ಹೇಳಿದರೆ ನಂಬಿ ಓಡಬೇಡಿ.

ಕಾಯಿಲೆಯನ್ನೇ ತಡೆಯುವ ಔಷಧಿ ಸದ್ಯಕ್ಕಿಲ್ಲ. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಕಟ್ಟುವುದನ್ನು ತಡೆಯಲು ಹೊರಟ ಎರಡು ಪ್ರತಿಕಾಯ ಔಷಧಿಗಳು 2022ರಲ್ಲಿ ತಮ್ಮ ಮುಖ್ಯ ಗುರಿ ಮುಟ್ಟಲಿಲ್ಲ. ಕಾಂಡಕೋಶಗಳಿಂದ ಬೆಳೆಸಿದ ಡೋಪಮೈನ್ ಕೋಶಗಳನ್ನು ಮಿದುಳಿಗೆ ನೆಟ್ಟ ಎರಡು ಸಣ್ಣ ಪ್ರಯೋಗಗಳ ವರದಿ 2025ರಲ್ಲಿ ಬಂತು, ಒಂದರಲ್ಲಿ 7 ಮಂದಿ, ಇನ್ನೊಂದರಲ್ಲಿ 12. ಅವು ಸುರಕ್ಷತೆ ನೋಡಲು ಮಾಡಿದವು; ನಿಮ್ಮ ಊಟದ ಮೇಜಿನ ಚರ್ಚೆಗೆ ಅವನ್ನು ಈಗಲೇ ತರಬೇಡಿ.

ಬಾಗಿಲ ವಿಷಯಕ್ಕೆ ಇವತ್ತೇ ಮಾಡಬಹುದಾದ್ದು ಇದೆ. ಬಾಗಿಲಿಗೆ ಒಂದೆರಡು ಮೀಟರ್ ಮೊದಲಿನಿಂದ ಹಿಡಿದು ಆಚೆಯವರೆಗೆ, ಅವರ ಒಳ್ಳೆಯ ಹೆಜ್ಜೆಯ ಅಳತೆಗೆ, ನೆಲದ ಬಣ್ಣಕ್ಕೆ ಎದ್ದು ಕಾಣುವ ಟೇಪನ್ನು ಅಡ್ಡಡ್ಡ ಅಂಟಿಸಿ. ಅದರ ಮೇಲೆ ಕಾಲಿಡುವುದಲ್ಲ, ದಾಟುವುದು. ಕಾಲು ನಿಂತರೆ ಯಾರೂ ಕೈಹಿಡಿದು ಎಳೆಯಬಾರದು, "ನಡೀರಿ ನಡೀರಿ" ಎನ್ನಲೂಬಾರದು. ಎಳೆದರೆ ಮೈ ಮುಂದೆ ಹೋಗುತ್ತದೆ, ಪಾದ ಅಲ್ಲೇ ಇರುತ್ತದೆ, ಬೀಳುತ್ತಾರೆ. ಅವರು ಪೂರ್ತಿ ನಿಲ್ಲಲಿ, ಉಸಿರೆಳೆದುಕೊಳ್ಳಲಿ, ಮೈಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಎರಡು ಸಲ ತೂಗಿ, ಒಂದು ದೊಡ್ಡ ಹೆಜ್ಜೆ ಎಂದುಕೊಂಡು ಕಾಲೆತ್ತಲಿ. ಕೆಲವರಿಗೆ ಗೆರೆಗಿಂತ ತಾಳವೇ ಹೆಚ್ಚು ಒಗ್ಗುತ್ತದೆ. ಮೆಟ್ರೋನೋಮ್ ಆ್ಯಪ್ ಅಥವಾ ಬಾಯಲ್ಲಿ ಎಣಿಸುವುದು ಎರಡೂ ಆಗುತ್ತದೆ. ಹಿಂದಕ್ಕೆ ತಿರುಗಬೇಕಾದರೆ ನಿಂತಲ್ಲೇ ತಿರುಗದೆ ಅಗಲವಾಗಿ ಸುತ್ತಿಕೊಂಡು ಬರಲಿ. ಬಾಗಿಲ ಬಳಿ ಅವರನ್ನು ಮಾತಿಗೆ ಎಳೆಯಬೇಡಿ, ಕಾಲೊರಸು ತೆಗೆದುಬಿಡಿ. ಮೆಟ್ಟಿಲು ಹತ್ತುತ್ತಾರೆಂದು ಮೈಮರೆಯಬೇಡಿ, ಇಳಿಯುವಾಗ ಕಂಬಿ ಹಿಡಿಯಲೇಬೇಕು. ಇವನ್ನು ಸರಿಯಾಗಿ ಕಲಿಸಿಕೊಡಲು ಪಾರ್ಕಿನ್ಸನ್ ಗೊತ್ತಿರುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಒಳ್ಳೆಯದು. ಒಂದೇ ಉಪಾಯ ದಿನಾ ಬಳಸಿದರೆ ಅದೂ ಗಮನವಿಲ್ಲದ ಅಭ್ಯಾಸವಾಗಿ ಬಲ ಕಳೆದುಕೊಳ್ಳಬಹುದು, ಆಗ ಇನ್ನೊಂದಕ್ಕೆ ಬದಲಿಸಬೇಕು.

ಮುಂದಿನ ಸಲ ನ್ಯೂರಾಲಜಿಸ್ಟ್ ಹತ್ತಿರ ಹೋಗುವ ಮುಂಚಿನ ಒಂದು ವಾರ ಒಂದು ಕೆಲಸ ಮಾಡಿ. ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಕಾಲು ನಿಂತ ಹೊತ್ತು, ಈ ಮೂರನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ಲೆವೊಡೋಪಾ ತೆಗೆದುಕೊಂಡರೆ ಎರಡೂ ಒಂದೇ ವಾಹಕಕ್ಕಾಗಿ ಪೈಪೋಟಿ ನಡೆಸುವುದರಿಂದ ಔಷಧಿ ಮಿದುಳಿಗೆ ಕಡಿಮೆ ಮುಟ್ಟುತ್ತದೆ; ಎಷ್ಟೋ ಸಲ ಸಮಸ್ಯೆ ಇರುವುದು ಅಲ್ಲೇ. ಮಾತ್ರೆ ಹಿಡಿದಾಗ ಒಂದು, ಇಳಿದಾಗ ಒಂದು, ಅವರು ಬಾಗಿಲು ದಾಟುವ ಎರಡು ವಿಡಿಯೊ ತೆಗೆಯಿರಿ, ಸೊಂಟದಿಂದ ಕೆಳಗೆ ಪಾದದವರೆಗೆ ಕಾಣುವ ಹಾಗೆ. ವೈದ್ಯರ ಕೋಣೆಯಲ್ಲಿ ಅವರು ಬಹುಶಃ ಚೆನ್ನಾಗಿಯೇ ನಡೆದುಬಿಡುತ್ತಾರೆ, ಎಲ್ಲರೂ ನೋಡುತ್ತಿರುವಾಗ ಪೂರ್ತಿ ಗಮನ ಕಾಲಿನ ಮೇಲಿರುತ್ತದೆ. ಮಾತ್ರೆಯ ಪ್ರಮಾಣ ಬದಲಿಸಬೇಕೋ, ಹೊತ್ತು ಬದಲಿಸಬೇಕೋ, ಡಿಬಿಎಸ್ ಮಾತು ಎತ್ತಬೇಕೋ ಎಂದು ತೀರ್ಮಾನಿಸಲು ಅವರಿಗೆ ಆ ಹಾಳೆ ಮತ್ತು ವಿಡಿಯೊ ಬೇಕು. ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಲೆವೊಡೋಪಾ ಒಮ್ಮೆಗೇ ನಿಂತರೆ ಜ್ವರ, ವಿಪರೀತ ಬಿಗಿತ ಬಂದು ಪ್ರಾಣಕ್ಕೇ ಅಪಾಯವಾಗಬಹುದು.